ಹಾರಾಟಕ್ಕೆ ಮುನ್ನಿನ ಹದ

ವಿದ್ಯೆಯೆಂಬುದು ಕಿವಿಯ ಮೂಲಕ ಬುದ್ಧಿಗೆ ಇಳಿದು ಅಲ್ಲಿಯೇ ನಿಂತುಬಿಡುವ ವಸ್ತುವಲ್ಲ. ಬುದ್ಧಿಯಿಂದ ಕೈಗೆ ಇಳಿದು, ಕೈಯಿಂದ ಮರಳಿ ಬುದ್ಧಿಗೆ ಏರಿದಾಗಲೇ ಅದು ಪರಿಪೂರ್ಣವಾಗುವುದು. ಹನ್ನೆರಡನೆಯ ಶತಮಾನದ ಶರಣರು ಕಾಯಕಕ್ಕೆ ಕೊಟ್ಟ ಸ್ಥಾನದ ಮರ್ಮವೂ ಇದೇ ಆಗಿದೆ. ಮೇದರ ಕೇತಯ್ಯನು ಬಿದಿರು ಸೀಳಿ ಬುಟ್ಟಿ ಹೆಣೆದನು. ನುಲಿಯ ಚಂದಯ್ಯನು ಹುಲ್ಲಿನ ಹಗ್ಗ ಹೊಸೆದನು. ಅವರ ಅನುಭಾವವು ಅವರ ಕೈಗೆಲಸದಿಂದ ಬೇರೆಯಾಗಿ ಇರಲಿಲ್ಲ. ಈ ಪರಂಪರೆಯನ್ನು ನಿತ್ಯವೂ ಸ್ಮರಿಸುವ ಮಠಗಳ ಆಶ್ರಯದಲ್ಲಿ ಬೆಳೆದ ವಿದ್ಯಾಲಯಗಳು, ಇಂದಿನ ಬಾಲಕ ಬಾಲಿಕೆಯರ ಕೈಗೆ ಎಂಥ ಕಾಯಕವನ್ನು ಕೊಡುತ್ತಿವೆಯೆಂದು ಒಮ್ಮೆ ವಿಚಾರಿಸಿ ನೋಡುವುದು ಉಚಿತ.

ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಈಚೆಗೆ ಹಾರುವ ಯಂತ್ರಗಳಿಗೆ ಬಹಳ ಮನ್ನಣೆಯುಂಟು. ತಂದೆಯು ಹಣ ಕೊಟ್ಟು ಅಂಗಡಿಯಿಂದ ತರಿಸಿದ ಯಂತ್ರವನ್ನು ಮಗನು ಪೆಟ್ಟಿಗೆಯಿಂದ ತೆಗೆದು ಹಾರಿಸುತ್ತಾನೆ, ನೆರೆದವರು ಚಪ್ಪಾಳೆ ತಟ್ಟುತ್ತಾರೆ, ಬಹುಮಾನವೂ ದೊರೆಯುತ್ತದೆ. ಆದರೆ ಅದು ಹೇಗೆ ಹಾರಿತೆಂದು ಕೇಳಿದರೆ ಉತ್ತರ ಬಾರದು. ಇಲ್ಲಿ ಹಾರಿದ್ದು ವಿದ್ಯೆಯಲ್ಲ, ತಂದೆಯ ದುಡ್ಡು ಎಂದು ಹೇಳಿದರೆ ಕಠಿನವಾದೀತು, ಆದರೂ ಸುಳ್ಳಾಗಲಾರದು. ರೇಡಿಯೋ ನಿಯಂತ್ರಣದಿಂದ ಹಾರುವ ಮಾದರಿ ಜೆಟ್ ತರಬೇತಿ ವಿಮಾನವೊಂದನ್ನು ಕಟ್ಟಿ ಹದಗೊಳಿಸುವ ವಿಧಾನವನ್ನು ಪರಿಶೀಲಿಸಿದರೆ, ಅದರ ಸಾರವೆಲ್ಲ ಹಾರಿಸುವ ಹತ್ತು ನಿಮಿಷದಲ್ಲಿ ಇಲ್ಲವೆಂಬುದೂ ಅದಕ್ಕೆ ಮುನ್ನ ನೆಲದ ಮೇಲೆ ಕಳೆದ ತಿಂಗಳುಗಳಲ್ಲಿ ಇದೆಯೆಂಬುದೂ ಸ್ಪಷ್ಟವಾಗುತ್ತದೆ.

ತರಬೇತಿ ವಿಮಾನವೆಂದರೆ ಕಲಿಯುವವನ ತಪ್ಪನ್ನು ಸಹಿಸಿಕೊಳ್ಳುವ ವಿಮಾನ. ಯುದ್ಧವಿಮಾನಕ್ಕೆ ಚಪಲತೆಯೇ ಗುಣವಾದರೆ ಇದಕ್ಕೆ ತಾಳ್ಮೆಯೇ ಗುಣ. ಈ ಜಾತಿಯ ವಿಮಾನವನ್ನು ರೂಪಿಸಿದ ಕೀರ್ತಿ ಕರ್ನಾಟಕದ ನೆಲಕ್ಕೂ ಸಲ್ಲುತ್ತದೆ. ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ ರಚಿತವಾದ 'ಕಿರಣ್' ಎಂಬ ಜೆಟ್ ತರಬೇತಿ ವಿಮಾನವು 1964ರ ಸೆಪ್ಟೆಂಬರ್ 4ರಂದು ಮೊದಲ ಬಾರಿಗೆ ಹಾರಿತು. ಅದರಲ್ಲಿ ಗುರುವೂ ಶಿಷ್ಯನೂ ಒಬ್ಬರ ಹಿಂದೊಬ್ಬರಲ್ಲ, ಅಕ್ಕಪಕ್ಕದಲ್ಲಿ ಕುಳಿತುಕೊಳ್ಳುವಂತೆ ಆಸನಗಳಿದ್ದುವು. ಭಾರತೀಯ ವಾಯುಪಡೆಯ ತರುಣರು ದಶಕಗಳ ಕಾಲ ಇದೇ ವಿಮಾನದಲ್ಲಿ ಅಕ್ಷರಾಭ್ಯಾಸ ಮಾಡಿದರು. 1996ರಲ್ಲಿ ಬೀದರಿನ ವಾಯುನೆಲೆಯಲ್ಲಿ ಹುಟ್ಟಿದ 'ಸೂರ್ಯಕಿರಣ' ತಂಡವು ಈ ವಿಮಾನಗಳಿಂದಲೇ ಆಕಾಶದಲ್ಲಿ ಚಿತ್ತಾರ ಬರೆಯಿತು. 2011ರಲ್ಲಿ ಆ ಪ್ರದರ್ಶನಗಳು ನಿಂತು, ಕೆಲವು ವರ್ಷಗಳ ತರುವಾಯ 'ಹಾಕ್' ವಿಮಾನಗಳೊಡನೆ ತಂಡವು ಮರುಹುಟ್ಟು ಪಡೆಯಿತು. ಕಾಯಕದ ತತ್ತ್ವ ಮೊಳೆತ ಕಲ್ಯಾಣವೂ ಈ ವಾಯುನೆಲೆಯೂ ಒಂದೇ ಜಿಲ್ಲೆಯಲ್ಲಿರುವುದು ಯೋಗಾಯೋಗವೇ ಇರಬಹುದು. ಆದರೆ ಅರ್ಥವಿಲ್ಲದ ಯೋಗಾಯೋಗವಲ್ಲ.

ಇಂಥ ವಿಮಾನದ ಕಿರುರೂಪವನ್ನು ನಿಜವಾದ ಜೆಟ್ ಯಂತ್ರದಿಂದಲೇ ಹಾರಿಸುವ ವಿದ್ಯೆ ತೀರ ಹಳೆಯದಲ್ಲ. 1983ರಲ್ಲಿ ಇಂಗ್ಲೆಂಡಿನಲ್ಲಿ ಮೊತ್ತಮೊದಲು ಟರ್ಬೈನು ಹೊತ್ತ ಮಾದರಿ ವಿಮಾನವೊಂದು ಹಾರಿತು. ಆಮೇಲೆ ಜರ್ಮನಿಯ ಕುರ್ಟ್ ಷ್ರೆಕ್ಲಿಂಗ್ ಎಂಬಾತನು ಮನೆಯ ಕಮ್ಮಟದಲ್ಲಿಯೇ ಮಾಡಬಹುದಾದ ಟರ್ಬೈನನ್ನು ರೂಪಿಸಿದನು. ಅದರ ಗಾಳಿ ಒತ್ತುವ ಚಕ್ರವನ್ನು ಆತನು ಪ್ಲೈವುಡ್ಡಿನಿಂದ ಕೊರೆದು, ಇಂಗಾಲದ ನಾರಿನಿಂದ ಬಿಗಿಗೊಳಿಸಿದ್ದನು. ಜೆಟ್ ಯಂತ್ರದೊಳಗೆ ಮರದ ಚಕ್ರ! ಈ ಮಾತನ್ನು ಕೇಳಿದ ಬಡಗಿಯು ನಗಬಹುದು, ಎಂಜಿನಿಯರನು ಹುಬ್ಬೇರಿಸಬಹುದು. ಆದರೆ ಆ ಚಕ್ರವು ತಿರುಗಿತು, ವಿಮಾನವು ಹಾರಿತು. ಉಪಕರಣಗಳ ಬಡತನವು ಬುದ್ಧಿಯ ಬಡತನವಾಗಬೇಕಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಅಪರೂಪ.

ಈ ಕಿರು ಟರ್ಬೈನಿನ ಕ್ರಮವು ಸರಳವಾದುದು. ಮುಂದಿನ ಚಕ್ರವು ಗಾಳಿಯನ್ನು ಒತ್ತುತ್ತದೆ. ನಡುವಿನ ಕೋಣೆಯಲ್ಲಿ ಸೀಮೆಎಣ್ಣೆ ಉರಿಯುತ್ತದೆ. ಬಿಸಿಯಾದ ಅನಿಲವು ಹಿಂದಿನ ಚಕ್ರವನ್ನು ತಿರುಗಿಸಿ ಹೊರನುಗ್ಗುತ್ತದೆ. ಹಿಂದಿನ ಚಕ್ರವು ಒಂದೇ ದಂಡದ ಮೇಲಿರುವ ಮುಂದಿನ ಚಕ್ರವನ್ನು ತಿರುಗಿಸುತ್ತದೆ. ಅದರ ವೇಗ ಮಾತ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತುಗಳನ್ನೂ ಮೀರುವುದುಂಟು. ಬೇರಿಂಗುಗಳು ಸವೆಯದಿರಲೆಂದು ಇಂಧನದಲ್ಲಿಯೇ ನೂರಕ್ಕೆ ಐದರಷ್ಟು ಟರ್ಬೈನು ಎಣ್ಣೆಯನ್ನು ಬೆರೆಸುವ ರೂಢಿಯಿದೆ.

ಇನ್ನು ಒಡಲನ್ನು ಕಟ್ಟುವ ವಿಷಯ. ಬಾಲ್ಸಾ ಮರದ ಪಟ್ಟಿಗಳು, ತೆಳುವಾದ ಪ್ಲೈವುಡ್ಡು, ಎಪಾಕ್ಸಿ ಅಂಟು ಇವೇ ಮುಖ್ಯ ಸಾಮಗ್ರಿಗಳು. ರೆಕ್ಕೆಯೊಳಗೆ ಉದ್ದಕ್ಕೆ ತೊಲೆಗಳು, ಅಡ್ಡಕ್ಕೆ ಪಕ್ಕೆಲುಬುಗಳು. ತೊಲೆಯು ಬಾಗುವಿಕೆಯನ್ನು ತಡೆಯುತ್ತದೆ, ಪಕ್ಕೆಲುಬು ರೆಕ್ಕೆಯ ಆಕಾರವನ್ನು ಕಾಯುತ್ತದೆ, ಮೇಲೆ ಹೊದಿಸಿದ ಹಲಗೆಯು ತಿರುಚುವಿಕೆಯನ್ನು ನಿಗ್ರಹಿಸುತ್ತದೆ. ಎಲ್ಲಿ ಬಲ ಬೇಕೋ ಅಲ್ಲಿ ಮಾತ್ರ ಮರ, ಉಳಿದೆಡೆ ಬಯಲು. ಬುಟ್ಟಿ ಹೆಣೆಯುವ ಮೇದರನಿಗೆ ಈ ನ್ಯಾಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಿದಿರ ಸೀಳುಗಳಿಂದಲೇ ಮಣಭಾರ ಹೊರುವ ಬುಟ್ಟಿಯನ್ನು ಅವನು ತಲೆಮಾರುಗಳಿಂದ ಮಾಡುತ್ತ ಬಂದಿದ್ದಾನೆ. ಕಟ್ಟಿ ಮುಗಿದ ಮೇಲೆ ಬಾಲದ ತುದಿಯಿಂದ ಎಡರೆಕ್ಕೆಯ ತುದಿಗೂ ಬಲರೆಕ್ಕೆಯ ತುದಿಗೂ ದಾರ ಹಿಡಿದು ಅಳೆಯಬೇಕು. ಎರಡೂ ಅಳತೆ ಸಮನಾಗದಿದ್ದರೆ ವಿಮಾನವು ಸೊಟ್ಟಗಿದೆಯೆಂದೇ ಅರ್ಥ. ಆ ಸೊಟ್ಟನ್ನು ಬಣ್ಣ ಬಳಿದು ಕಣ್ಣಿಗೆ ಮರೆಮಾಡಬಹುದು; ಗಾಳಿಗೆ ಮರೆಮಾಡಲಾಗದು.

ಕಟ್ಟಿದ್ದಾಯಿತೆಂದರೆ ಕೆಲಸ ಅರ್ಧವಾಯಿತು, ಉಳಿದರ್ಧವೇ ಹದಗೊಳಿಸುವುದು. ಮೊದಲನೆಯದು ಗುರುತ್ವಕೇಂದ್ರ. ರೆಕ್ಕೆಯ ಸರಾಸರಿ ಅಗಲದಲ್ಲಿ ಮುಂಚೂಣಿಯಿಂದ ಸುಮಾರು ಕಾಲುಭಾಗದಿಂದ ಮೂರನೆಯ ಒಂದು ಭಾಗದೊಳಗೆ, ವಿನ್ಯಾಸಕನು ಹೇಳಿದ ಬಿಂದುವಿನಲ್ಲಿ ವಿಮಾನವು ತಕ್ಕಡಿಯಂತೆ ಸಮನಾಗಿ ನಿಲ್ಲಬೇಕು. ಮೂಗು ಅತಿಭಾರವಾದರೆ ಇಳಿಯುವಾಗ ತಲೆಯೆತ್ತಲಾರದು. ಬಾಲ ಭಾರವಾದರೆ ಇನ್ನೂ ಕೇಡು: ಸಣ್ಣ ಆಜ್ಞೆಗೂ ಬೆದರಿದ ಕರುವಿನಂತೆ ನೆಗೆದು ಅಂಕೆ ಮೀರುತ್ತದೆ. ಹಾರುವಾಗ ಇಂಧನವು ಬರಿದಾಗುತ್ತ ಹೋಗುವುದರಿಂದ ತೊಟ್ಟಿಯನ್ನು ಆ ಬಿಂದುವಿನ ಸಮೀಪದಲ್ಲೇ ಇಡಬೇಕು. ಎಣ್ಣೆಯ ಜೊತೆಗೆ ಗಾಳಿಗುಳ್ಳೆ ಸೇರಿ ಯಂತ್ರ ಆರಿಹೋಗದಂತೆ ನಡುವೆ ಕಿರಿದೊಂದು ತೊಟ್ಟಿಯನ್ನೂ ಇಡಬೇಕು.

ಎರಡನೆಯದು ಚಲಿಸುವ ಅಂಗಗಳ ಪರೀಕ್ಷೆ. ರೆಕ್ಕೆಯಂಚಿನ ಏಲೆರಾನ್, ಬಾಲದ ಎಲಿವೇಟರ್ ಮತ್ತು ರಡ್ಡರ್ ಇವುಗಳನ್ನು ಸರ್ವೋ ಎಂಬ ಪುಟ್ಟ ಮೋಟಾರುಗಳು ಆಡಿಸುತ್ತವೆ. ಕೈಯಲ್ಲಿರುವ ಕೋಲನ್ನು ಬಲಕ್ಕೆ ಸರಿಸಿದಾಗ ಬಲಗಡೆಯ ಏಲೆರಾನ್ ಮೇಲಕ್ಕೆ ಏಳಬೇಕು, ಎಡಗಡೆಯದು ಕೆಳಕ್ಕೆ ಬಾಗಬೇಕು; ಆಗಲೇ ಬಲರೆಕ್ಕೆ ತಗ್ಗಿ ವಿಮಾನವು ಬಲಕ್ಕೆ ಹೊರಳುವುದು. ಹೊಸಬನ ಕಣ್ಣಿಗೆ ಇದು ತಿರುಗುಮುರುಗಾಗಿ ತೋರುತ್ತದೆ. ಅಂಗವು ಆಡುತ್ತಿದೆಯೆಂಬುದನ್ನಷ್ಟೇ ನೋಡಿ, ಯಾವ ದಿಕ್ಕಿಗೆ ಆಡುತ್ತಿದೆಯೆಂಬುದನ್ನು ನೋಡದೆ ಹಾರಿಸಿದವರ ವಿಮಾನಗಳು ಮೊದಲ ತಿರುವಿನಲ್ಲಿಯೇ ನೆಲ ಕಂಡಿವೆ. ತಿಂಗಳುಗಟ್ಟಲೆ ದುಡಿದು ಕಟ್ಟಿದ್ದನ್ನು ಒಂದು ಕ್ಷಣದ ಅಲಕ್ಷ್ಯವು ನುಂಗಿಹಾಕುತ್ತದೆ.

ಹದವೆಂಬುದು ಮಕ್ಕಳಾಟದ ಮಾತೆಂದು ಯಾರಾದರೂ ಭಾವಿಸಿದರೆ ಅವರು ದೊಡ್ಡ ವಿಮಾನಗಳ ಚರಿತ್ರೆಯನ್ನು ನೋಡಬೇಕು. 'ಕಿರಣ್' ವಿಮಾನದ ಸ್ಥಾನವನ್ನು ತುಂಬಲೆಂದು ಬೆಂಗಳೂರಿನಲ್ಲಿಯೇ ರೂಪುಗೊಂಡ ಎಚ್.ಜೆ.ಟಿ.-36 ವಿಮಾನವು 2003ರಲ್ಲಿ ಮೊದಲ ಬಾರಿಗೆ ಹಾರಿತು. ಆದರೆ ಬುಗುರಿಯಂತೆ ಸುತ್ತುತ್ತ ಬೀಳುವ 'ಸ್ಪಿನ್' ಸ್ಥಿತಿಯಿಂದ ಅದನ್ನು ಸುರಕ್ಷಿತವಾಗಿ ಹೊರತರುವ ಪ್ರಶ್ನೆಯು ವರ್ಷಗಟ್ಟಲೆ ಕಾಡಿತು. ಕೊನೆಗೆ ಬಾಲದ ನೆಟ್ಟನೆಯ ರೆಕ್ಕೆಯನ್ನು ಹಿಂದಕ್ಕೆ ಸರಿಸಿ, ರಡ್ಡರನ್ನು ಹಿಗ್ಗಿಸಿ, 2019ರಲ್ಲಿ ಮತ್ತೆ ಹಾರಿಸಲಾಯಿತು. 2022ರ ಹೊತ್ತಿಗೆ ಎಡಕ್ಕೂ ಬಲಕ್ಕೂ ಆರಾರು ಸುತ್ತು ಸುತ್ತಿ ಹೊರಬರುವ ಸಾಮರ್ಥ್ಯವನ್ನು ಅದು ತೋರಿತು. 2025ರಲ್ಲಿ 'ಯಶಸ್' ಎಂಬ ಹೆಸರನ್ನು ಪಡೆಯಿತು. ಪರಿಣತ ಎಂಜಿನಿಯರುಗಳ ಸಮೂಹಕ್ಕೇ ಇಷ್ಟು ಕಾಲ ಬೇಕಾಯಿತೆಂದ ಮೇಲೆ, ಅದನ್ನು ಸೋಲೆನ್ನದೆ ಸಾಧನೆಯೆನ್ನಬೇಕು. ತರಬೇತಿ ವಿಮಾನವು ಶಿಷ್ಯನ ಪ್ರಾಣವನ್ನು ಹೊರುವ ವಾಹನವಾದ್ದರಿಂದ ಅಲ್ಲಿ ಅವಸರಕ್ಕೆ ಎಡೆಯಿಲ್ಲ.

ಪ್ರಾಣದ ಮಾತು ಮಾದರಿ ವಿಮಾನಕ್ಕೂ ಅನ್ವಯಿಸುತ್ತದೆ. ಹತ್ತು ಕಿಲೋ ಆಸುಪಾಸಿನ ತೂಕವು ಗಂಟೆಗೆ 200 ಕಿಲೋಮೀಟರ್ ಮೀರಿದ ವೇಗದಲ್ಲಿ ಬರುವಾಗ ಅದನ್ನು ಆಟಿಕೆಯೆಂದು ಕರೆಯುವುದು ಅವಿವೇಕ. ಆದ್ದರಿಂದ ಹಾರಿಸುವ ಮುನ್ನ ರೇಡಿಯೋ ಶಕ್ತಿಯನ್ನು ತಗ್ಗಿಸಿ, ದೂರ ನಡೆದು, ಆಜ್ಞೆ ತಲಪುತ್ತಿದೆಯೇ ಎಂದು ನೋಡಬೇಕು. ಸಂಪರ್ಕ ಕಡಿದುಹೋದರೆ ಯಂತ್ರವು ತಾನಾಗಿಯೇ ಆರುವಂತೆ ಮೊದಲೇ ನಿಯಮಿಸಿರಬೇಕು. ವಿಮಾನವು ಹಾಳಾದರೂ ಚಿಂತೆಯಿಲ್ಲ, ಅದು ಜನರತ್ತ ನುಗ್ಗಬಾರದು. ಟರ್ಬೈನು ಹೊತ್ತಿಸುವಾಗ ಬೆಂಕಿ ಆರಿಸುವ ಸಾಧನವು ಕೈಯಳತೆಯಲ್ಲಿರಬೇಕು. ಚಕ್ರದ ನೇರಕ್ಕಾಗಲಿ ಹಿಂಬದಿಗಾಗಲಿ ಯಾರೂ ನಿಲ್ಲಕೂಡದು. ಕೇಂದ್ರ ಸರಕಾರವು 2021ರಲ್ಲಿ ಹೊರಡಿಸಿದ ಡ್ರೋನ್ ನಿಯಮಗಳು, ವಿದ್ಯಾಭ್ಯಾಸಕ್ಕೂ ವಿನೋದಕ್ಕೂ ಬಳಸುವ 25 ಕಿಲೋಗ್ರಾಮಿಗೆ ಮೀರದ ಮಾದರಿ ವಿಮಾನಗಳನ್ನು ಕಣ್ಣಳತೆಯೊಳಗೇ ಹಾರಿಸಬೇಕೆಂದು ವಿಧಿಸಿವೆ. ವಿಮಾನನಿಲ್ದಾಣಗಳ ಸುತ್ತಲಿನ ಆಕಾಶಕ್ಕೆ ವಿಶೇಷ ನಿರ್ಬಂಧವನ್ನೂ ಹಾಕಿವೆ. ಇವೆಲ್ಲ ಕಾನೂನಿನ ಭಯದಿಂದ ಪಾಲಿಸತಕ್ಕ ವಿಧಿಗಳು ಮಾತ್ರವಲ್ಲ. ಪರರ ಪ್ರಾಣವನ್ನು ತನ್ನ ಪ್ರಾಣದಂತೆ ಕಾಣುವುದೇ ದಯೆ. ಆ ದಯೆಯು ಇಲ್ಲಿ ಸ್ವಿಚ್ಚು ತಂತಿಗಳ ರೂಪವನ್ನು ತಾಳಿದೆ.

ಈ ವಿದ್ಯೆಯಲ್ಲಿ ಮನಸ್ಸಿಗೆ ಹತ್ತಿರವಾಗುವ ಮತ್ತೊಂದು ಸಂಗತಿಯುಂಟು. ಕಲಿಸುವಾಗ ಗುರುವಿನ ಕೈಯಲ್ಲೊಂದು, ಶಿಷ್ಯನ ಕೈಯಲ್ಲೊಂದು ಟ್ರಾನ್ಸ್‌ಮಿಟರ್ ಇದ್ದು, ಎರಡನ್ನೂ ಜೋಡಿಸಲಾಗಿರುತ್ತದೆ. ಗುರುವು ಗುಂಡಿಯನ್ನೊತ್ತಿದಾಗ ವಿಮಾನವು ಶಿಷ್ಯನ ವಶವಾಗುತ್ತದೆ. ಅಪಾಯ ಕಂಡೊಡನೆ ಬೆರಳು ತೆಗೆದರೆ ಮರಳಿ ಗುರುವಿನ ವಶಕ್ಕೆ ಬರುತ್ತದೆ. 'ಕಿರಣ್' ವಿಮಾನದ ಅಕ್ಕಪಕ್ಕದ ಆಸನಗಳ ತತ್ತ್ವವೇ ಇಲ್ಲಿ ನೆಲಕ್ಕಿಳಿದಿದೆ. ಶಿಷ್ಯನು ತಪ್ಪು ಮಾಡುವ ತನಕ ಕಾಯುವ ಧೈರ್ಯ, ತಪ್ಪು ಕೈಮೀರುವ ಮುನ್ನ ಹಿಡಿಯುವ ಎಚ್ಚರ ಇವೆರಡೂ ಇದ್ದವನೇ ಗುರು. ಪಾಠಶಾಲೆಯ ಉಪಾಧ್ಯಾಯರಿಗೂ ಇದರಲ್ಲಿ ಕಲಿಯತಕ್ಕುದು ಇಲ್ಲವೆನ್ನಲಾಗದು.

ಇದೆಲ್ಲ ಶ್ರೀಮಂತರ ವ್ಯಸನ, ಹಳ್ಳಿಯ ಮಕ್ಕಳಿಗೆ ಎಟುಕದು ಎಂಬ ಆಕ್ಷೇಪಣೆ ಬರುವುದು ಸಹಜ. ಅದರಲ್ಲಿ ಸತ್ಯಾಂಶವೂ ಇದೆ. ಟರ್ಬೈನು ಯಂತ್ರವು ದುಬಾರಿಯಾದುದು, ಎಳೆಯರ ಕೈಗೆ ಕೊಡತಕ್ಕುದೂ ಅಲ್ಲ. ಆದರೆ ಮೆಟ್ಟಿಲುಗಳಿಲ್ಲದೆ ಅಟ್ಟವುಂಟೇ? ಮೊದಲ ಮೆಟ್ಟಿಲು ಕೈಯಿಂದ ಎಸೆಯುವ ಬಾಲ್ಸಾ ಮರದ ತೇಲುವಿಮಾನ. ಮೂಗಿಗೆ ಒಂದು ಚಿಟಿಕೆ ಜೇಡಿಮಣ್ಣು ಮೆತ್ತಿ ಅದನ್ನು ಹದಗೊಳಿಸುವ ಬಾಲಕನು ಗುರುತ್ವಕೇಂದ್ರದ ಪಾಠವನ್ನು ಜನ್ಮದಲ್ಲಿ ಮರೆಯಲಾರನು. ಎರಡನೆಯದು ವಿದ್ಯುತ್ ಮೋಟಾರಿನ ತರಬೇತಿ ವಿಮಾನ. ಮೂರನೆಯದು ಕೊಳವೆಯೊಳಗಿನ ವಿದ್ಯುತ್ ಫ್ಯಾನಿನಿಂದ ಜೆಟ್ಟಿನಂತೆ ಹಾರುವುದು. ಬಲ್ಲವರ ಸಮ್ಮುಖದಲ್ಲಿ, ವಯಸ್ಸೂ ವಿವೇಕವೂ ಬಲಿತ ಮೇಲೆ, ಕಡೆಯದು ಟರ್ಬೈನು. ಎನ್.ಸಿ.ಸಿ.ಯ ವಾಯು ವಿಭಾಗದಲ್ಲಿ ಮಾದರಿ ವಿಮಾನ ವಿದ್ಯೆಗೆ ಸ್ಥಾನವಿರುವಾಗ, ಶಾಲೆಗಳು ಅದನ್ನು ತಮ್ಮದಲ್ಲವೆಂದು ದೂರವಿಡಬೇಕಾದ ಕಾರಣ ಕಾಣದು.

ಸಿದ್ಧಪಡಿಸಿ ಮಾರುವ ವಿಮಾನಗಳನ್ನು ಕೊಳ್ಳಲೇಬಾರದೆಂಬ ಹಟವೂ ಬೇಡ. ಕೊಂಡುತಂದದ್ದನ್ನಾದರೂ ಬಿಚ್ಚಿ, ಅಳೆದು, ತೂಗಿ, ಹದಗೊಳಿಸಿದವನು ಅರ್ಧ ವಿದ್ಯೆಯನ್ನಾದರೂ ಗಳಿಸುತ್ತಾನೆ. ಬೇಡವಾದುದು ಪೆಟ್ಟಿಗೆಯಿಂದ ನೇರವಾಗಿ ಆಕಾಶಕ್ಕೆ ನೆಗೆಯುವ ಆತುರ. ಆದುದರಿಂದ ಮುಂದಿನ ವಸ್ತುಪ್ರದರ್ಶನಗಳಲ್ಲಿ ಪರೀಕ್ಷಕರು ಒಂದು ನಿಯಮವನ್ನು ಮಾಡುವುದು ಒಳಿತು. ಎಷ್ಟು ಎತ್ತರ ಹಾರಿತೆಂದು ಕೇಳುವ ಮೊದಲು ವಿದ್ಯಾರ್ಥಿಯ ದಿನಚರಿ ಪುಸ್ತಕವನ್ನು ಕೇಳಲಿ. ಎಲ್ಲಿ ಅಳೆದನು, ಎಲ್ಲಿ ತಪ್ಪಿದನು, ತಪ್ಪನ್ನು ಹೇಗೆ ತಿದ್ದಿದನು ಎಂಬುದು ಅದರಲ್ಲಿರಲಿ. ಮೊದಲ ಬಹುಮಾನವು ಆ ಪುಸ್ತಕಕ್ಕೆ ಸಲ್ಲಲಿ. ಹಾರದೆ ಉಳಿದ ವಿಮಾನದ ಪ್ರಾಮಾಣಿಕ ದಿನಚರಿಯು, ಕೊಂಡುತಂದು ಹಾರಿಸಿದ ಯಂತ್ರಕ್ಕಿಂತ ಮೇಲೆಂದು ಘೋಷಿಸುವ ಧೈರ್ಯವು ಶಾಲೆಗಳಿಗೆ ಬರಬೇಕು.

ಅರಿವು ಆಚಾರದಲ್ಲಿ ಕಾಣಬೇಕೆಂಬುದು ಶರಣಧರ್ಮದ ಸಾರ. ಗಾಳಿಯು ಯಾರ ಮಾತನ್ನೂ ಕೇಳುವುದಿಲ್ಲ, ಯಾರ ಮುಖವನ್ನೂ ನೋಡುವುದಿಲ್ಲ. ಕೈಯ ಕೆಲಸ ನೇರವಾಗಿದ್ದರೆ ಎತ್ತಿಕೊಳ್ಳುತ್ತದೆ, ಸೊಟ್ಟಗಿದ್ದರೆ ಕೆಡವುತ್ತದೆ. ಇಷ್ಟು ನಿಷ್ಪಕ್ಷಪಾತಿಯಾದ ಪರೀಕ್ಷಕನು ಬೇರೆಲ್ಲಿ ದೊರೆತಾನು? ಮಠದ ವಿದ್ಯಾಲಯಗಳ ಅಂಗಳದಲ್ಲಿ ಮರದ ಪಟ್ಟಿಗಳೂ ಅಂಟಿನ ಡಬ್ಬಿಗಳೂ ಕಾಣಿಸಿಕೊಳ್ಳಲಿ; ಎಳೆಯ ಕೈಗಳು ನೆಲದ ಮೇಲೆ ಹದವನ್ನು ಕಲಿತು ಆಮೇಲೆ ಬಾನಿನತ್ತ ನೋಡಲಿ.