ಹಂದಿಗೆ ಒಡ್ಡಿದ ಉರುಳು, ಕಾಡುಕುರಿಯ ಕೊರಳು

ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯ ಕಬ್ಬಿಗೆ ನೀರುಣಿಸುವ ಘಟಪ್ರಭೆ ಹುಟ್ಟುವುದು ಸಹ್ಯಾದ್ರಿಯಲ್ಲಿ. ಹಿಡಕಲ್ ಜಲಾಶಯದ ಕೆಳಗಿನ ಧೂಪದಾಳ 1974ರಿಂದ ಪಕ್ಷಿಧಾಮ. ಚಳಿಗಾಲದಲ್ಲಿ ವಲಸೆ ಹಕ್ಕಿಗಳನ್ನು ನೋಡಲು ಅಲ್ಲಿಗೆ ಜನ ಹೋಗುತ್ತಾರೆ. ಇದೇ ಬೆಳಗಾವಿ ಜಿಲ್ಲೆಯ ಪಡುವಣ ಅಂಚಿನಲ್ಲಿ, ಖಾನಾಪುರ ತಾಲ್ಲೂಕಿನ ಕಾಡುಗಳಲ್ಲಿ ಬದುಕುವ ಪುಟ್ಟ ಜಿಂಕೆಯೊಂದರ ಗೊಡವೆ ಮಾತ್ರ ಬಯಲಿನವರಿಗೆ ಅಷ್ಟಾಗಿ ಇಲ್ಲ. ಅದು ಕಾಡುಕುರಿ. ಆ ಭಾಗದ ಮರಾಠಿ ಮಾತಿನವರಿಗೆ ಭೇಕರ.

ಭುಜದ ಎತ್ತರ ಸುಮಾರು ಎರಡು ಅಡಿ, ತೂಕ 20ರಿಂದ 28 ಕೆ.ಜಿ. ಗಂಡಿನ ಕೊಂಬು ಗೇಣುದ್ದವೂ ಇಲ್ಲ. ಆದರೆ ಅದು ನಿಂತಿರುವುದು ಚರ್ಮ ಹೊದ್ದ ಉದ್ದನೆಯ ಎಲುಬಿನ ಬುಡದ ಮೇಲೆ. ಆ ಬುಡದ ಏಣು ಹಣೆಯುದ್ದಕ್ಕೂ ಇಳಿದು ಮುಖಕ್ಕೆ ಕಪ್ಪು ಗೆರೆ ಎಳೆದಿರುತ್ತದೆ. ಮೇಲ್ದವಡೆಯಲ್ಲಿ ಪುಟ್ಟ ಕೋರೆಹಲ್ಲುಗಳೂ ಇವೆ. ಗಂಡುಗಳು ಕಾದಾಡುವಾಗ ನಿಜವಾಗಿ ಗಾಯ ಮಾಡುವುದು ಅವೇ. ಇನ್ನೊಂದು ಅಚ್ಚರಿ ಅದರ ಜೀವಕೋಶದೊಳಗಿದೆ. ಮನುಷ್ಯನಿಗೆ 46 ವರ್ಣತಂತುಗಳಿದ್ದರೆ ಭಾರತದ ಕಾಡುಕುರಿಯ ಹೆಣ್ಣಿಗೆ 6, ಗಂಡಿಗೆ 7. ಸಸ್ತನಿಗಳಲ್ಲೇ ಇಷ್ಟು ಕಡಿಮೆ ಬೇರಾವುದಕ್ಕೂ ಇಲ್ಲ. 1970ರಲ್ಲಿ ಈ ಸಂಗತಿ ಪ್ರಕಟವಾದಾಗ ವಿಜ್ಞಾನಿಗಳು ಬೆರಗಾಗಿದ್ದರು. ಅದರ ಹತ್ತಿರದ ಬಂಧು ಚೀನಾದ ಕಾಡುಕುರಿಗೆ ಇರುವುದು 46!

ಗುಂಪು ಕಟ್ಟುವ ಪ್ರಾಣಿ ಇದಲ್ಲ. ಹೆಣ್ಣು ಸುಮಾರು ಏಳು ತಿಂಗಳು ಹೊತ್ತು, ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಚಿರತೆಯ ಸುಳಿವು ಸಿಕ್ಕರೆ ನಾಯಿಯಂತೆ ಬೊಗಳುತ್ತದೆ, ಕೆಲವೊಮ್ಮೆ ಒಂದೇ ಸಮನೆ ಬಹಳ ಹೊತ್ತು. ಕಾಡು ಬಲ್ಲವರಿಗೆ ಆ ಕೂಗು ಮುನ್ನೆಚ್ಚರಿಕೆ. ಬೇಟೆಗಾರನಿಗೂ ಅದೇ ಕೂಗು ದಾರಿ ತೋರಿಸುತ್ತದೆ. ಆಗ್ನೇಯ ಏಷ್ಯಾದಲ್ಲಂತೂ ಎಲೆಯನ್ನು ತುಟಿಗಿಟ್ಟು ಮರಿಯ ದನಿ ಹೊರಡಿಸಿ ಇದನ್ನು ಹತ್ತಿರಕ್ಕೆ ಸೆಳೆಯುವ ಹಳೆಯ ಪದ್ಧತಿಯಿದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಮೋಜಿನ ಬೇಟೆಗೆ ಕಡಿವಾಣ ಬಿತ್ತು. ಖಾನಾಪುರ ತಾಲ್ಲೂಕಿನ ಭೀಮಗಡ ಕಾಡು 2011ರಲ್ಲಿ ಅಭಯಾರಣ್ಯವೂ ಆಯಿತು. ಆದರೂ ಕಾಡಂಚಿನಲ್ಲಿ ಬಂದೂಕಿಗಿಂತ ಹೆಚ್ಚು ಹೆದರಬೇಕಾದದ್ದು ಉರುಳಿಗೆ. ಬೈಕಿನ ಹಳೆಯ ಬ್ರೇಕ್ ವಯರ್ ಇದ್ದರೆ ಸಾಕು, ಸದ್ದಿಲ್ಲ, ಖರ್ಚಿಲ್ಲ, ಕಾಯುವವರೂ ಬೇಕಿಲ್ಲ. ಬೆಳೆ ತಿನ್ನುವ ಹಂದಿಗೆಂದು ಒಡ್ಡಿದ ಕುಣಿಕೆಗೆ ಒಳಗೆ ಬಂದದ್ದು ಯಾವ ಪ್ರಾಣಿಯೆಂದು ತಿಳಿಯುವುದಿಲ್ಲ. ಪೊದೆಯೊಳಗಿನ ಅದೇ ಕಾಲುಹಾದಿಯಲ್ಲಿ ತಲೆ ತಗ್ಗಿಸಿ ನುಸುಳುವ ಕಾಡುಕುರಿಯ ಕೊರಳಿಗೆ ಅದು ಬಿಗಿಯುತ್ತದೆ.

ಅಳಿವಿನ ಅಪಾಯ ಅಳೆಯುವ ಜಾಗತಿಕ ಪಟ್ಟಿಯಲ್ಲಿ ಈ ಪ್ರಾಣಿಗೆ ಸದ್ಯ ಅಳಿವಿನ ಭಯವಿಲ್ಲ ಎಂದಿದೆ. ಆ ಮಾತು ನಂಬಿ ಸುಮ್ಮನಿರುವುದು ತಪ್ಪು. ದಕ್ಷಿಣ ಮತ್ತು ಆಗ್ನೇಯ ಏಷ್ಯಾದುದ್ದಕ್ಕೂ ಹರಡಿದ ಜೀವಿಯೊಂದು ಖಾನಾಪುರದ ಒಂದು ಕಾಡಿನಿಂದ ಮರೆಯಾದರೆ ಆ ಪಟ್ಟಿ ಅಲುಗುವುದೂ ಇಲ್ಲ. ಇಂಗ್ಲೆಂಡಿನಲ್ಲಿ ಕಾಡುಕುರಿಯನ್ನು ವರ್ಷವಿಡೀ ಹೊಡೆಯಲು ಬಿಟ್ಟಿದ್ದಾರಲ್ಲ ಎಂದು ಯಾರಾದರೂ ಕೇಳಬಹುದು. ಅಲ್ಲಿರುವುದು ಚೀನಾದಿಂದ ತಂದು ಸಾಕಿ, ತಪ್ಪಿಸಿಕೊಂಡು ಬೆಳೆದ ಪರದೇಶಿ ಸಂತತಿ. ಅದು ಅಲ್ಲಿನ ಕಾಡುಗಿಡಗಳನ್ನು ಮೇದು ಹಾಳುಮಾಡುತ್ತಿದೆ. ಇಲ್ಲಿನ ಕಾಡುಕುರಿ ಈ ಮಣ್ಣಿನದೇ, ಚಿರತೆ ಮತ್ತು ಸೀಳುನಾಯಿಗಳ ಹೊಟ್ಟೆಪಾಡು ಕೂಡ. ಅದು ಕಡಿಮೆಯಾದಷ್ಟೂ ಚಿರತೆ ಊರಿನ ಆಡುಕುರಿಗಳತ್ತ ಬರುವ ಸಾಧ್ಯತೆ ಹೆಚ್ಚು.

ಹಾಗೆಂದು ರೈತನನ್ನೇ ಅಪರಾಧಿಯ ಕಟಕಟೆಗೆ ಎಳೆಯುವುದು ನ್ಯಾಯವಲ್ಲ. ಒಂದೇ ರಾತ್ರಿಯಲ್ಲಿ ಹಂದಿ ಹಿಂಡು ಗದ್ದೆ ಮಗುಚಿ ಹೋದರೆ ಅವನ ವರ್ಷದ ಗಂಜಿಯೇ ಹೋಗುತ್ತದೆ. ಬೆಳೆಹಾನಿಯ ಪರಿಹಾರ ಅವನ ಕೈಗೆ ಬೇಗ ಸೇರಬೇಕು. ಬೆಳೆ ಮಾಗುವ ಮೊದಲೇ ಅರಣ್ಯ ಸಿಬ್ಬಂದಿ ಊರವರನ್ನು ಜೊತೆಗಿಟ್ಟುಕೊಂಡು ಬೇಲಿಯುದ್ದಕ್ಕೂ ಉರುಳು ಹುಡುಕಿ ಕೀಳಬೇಕು. ಇನ್ನು ಕಾಡು ಮಾಂಸಕ್ಕೆ ಹಣ ಕೊಡುವವರ ವಿಷಯ. ಕೊಂದವನಷ್ಟೇ ಅಲ್ಲ, ಕೊಂಡವನೂ ಕಾನೂನಿನ ಪ್ರಕಾರ ತಪ್ಪಿತಸ್ಥ. ಪೊಲೀಸರು, ಅರಣ್ಯಾಧಿಕಾರಿಗಳು ಕಾಡಿನಲ್ಲಿ ಉರುಳು ಹುಡುಕಿದಷ್ಟೇ ಶ್ರದ್ಧೆಯಿಂದ ಪೇಟೆಯ ಈ ಗಿರಾಕಿಯನ್ನೂ ಹುಡುಕಲಿ.