ಉಪ್ಪು ಹಾಕಿ ನೋಡಿ, ಆಮೇಲೆ ‘ನ್ಯಾನೋ’ ಎನ್ನಿ

ಮಕ್ಕಳೇ, ಗೊಬ್ಬರದಿಂದ ಹಿಡಿದು ಮುಖದ ಕ್ರೀಮಿನವರೆಗೆ ಈಗ ಎಲ್ಲದರ ಮೇಲೂ ‘ನ್ಯಾನೋ’ ಎಂಬ ಹೆಸರು. ಕೇಳಿದ ಕೂಡಲೇ ನಾವು ಬೆರಗಾಗಿಬಿಡುತ್ತೇವೆ. ಬೆರಗಾಗುವ ಮೊದಲು ಒಂದು ಪ್ರಶ್ನೆ ಕೇಳಬೇಕು ಅಂತ ನನ್ನ ಅಭಿಪ್ರಾಯ: ಇದು ಉಪ್ಪುನೀರಿನಲ್ಲಿ ಉಳಿಯುತ್ತದೆಯೇ?

ಪಾಲಿಮರ್ ನ್ಯಾನೋಹನಿಗಳನ್ನೇ ನೋಡೋಣ. ಪಾಲಿಮರ್ ಎಂದರೆ ಸಣ್ಣ ಅಣುಗಳು ಮಣಿಸರದಂತೆ ಕೂಡಿದ ಉದ್ದನೆಯ ಸರಪಳಿ. ಧನಾವೇಶವಿರುವ ಸರಪಳಿಯನ್ನೂ ಋಣಾವೇಶವಿರುವ ಸರಪಳಿಯನ್ನೂ ನೀರಿನಲ್ಲಿ ಬೆರೆಸಿದರೆ ಅವು ಒಂದನ್ನೊಂದು ಹಿಡಿದುಕೊಂಡು ನೀರೊಳಗೇ ಹನಿಗಳಾಗಿ ಬೇರ್ಪಡಬಲ್ಲವು. 1929ರಲ್ಲಿ ನೆದರ್ಲೆಂಡ್ಸಿನ ಬುಂಗೆನ್‌ಬರ್ಗ್ ಡಿ ಯೋಂಗ್ ಮತ್ತು ಕ್ರೂಟ್ ಇದನ್ನು ‘ಕೊಅಸರ್ವೇಶನ್’ ಎಂದು ಕರೆದರು. ಇಂಥ ಹನಿಯೊಳಗೆ ಔಷಧವನ್ನೋ ಪ್ರೋಟೀನನ್ನೋ ತುಂಬಿ ಕಳಿಸಬಹುದು ಎಂಬುದು ವಿಜ್ಞಾನಿಗಳ ಆಸೆ. 100 ನ್ಯಾನೋಮೀಟರಿನ ಹನಿಗಳಾದರೆ ಒಂದು ತಲೆಗೂದಲಿನ ಅಡ್ಡಗಲಕ್ಕೆ ಸುಮಾರು ಎಂಟುನೂರು ಹಿಡಿಸುತ್ತವೆ!

ಆದರೆ ಉಪ್ಪು ಬಿತ್ತೋ, ಕಥೆ ಬೇರೆ. ಸೋಡಿಯಂ, ಕ್ಲೋರೈಡ್ ಅಯಾನುಗಳು ಸರಪಳಿಗಳ ಸುತ್ತ ಮುತ್ತಿಕೊಂಡು ಅವುಗಳ ಸೆಳೆತವನ್ನು ಮಂಕಾಗಿಸುತ್ತವೆ. ಹನಿ ಕರಗಿಹೋಗಬಹುದು. ಆಸ್ಪತ್ರೆಯ ಸಲೈನಿನಲ್ಲಿ ಲೀಟರಿಗೆ 9 ಗ್ರಾಂ ಉಪ್ಪಿದೆ, ನಮ್ಮ ರಕ್ತವೂ ಹೆಚ್ಚುಕಡಿಮೆ ಅಷ್ಟೇ ಉಪ್ಪು. ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ. ಬಟ್ಟಿ ಇಳಿಸಿದ ನೀರಿನಲ್ಲಿ ಚೆಂದವಾಗಿ ನಿಂತ ಹನಿ ರಕ್ತದಲ್ಲಿ ನಿಲ್ಲದಿದ್ದರೆ ಏನು ಪ್ರಯೋಜನ?

ಇದಕ್ಕೆ ಒಂದು ಜಾಣ ದಾರಿ ಅಚ್ಚಿನ ಪಾಲಿಮರೀಕರಣ. ಇಲ್ಲಿ ಎರಡೂ ಸರಪಳಿಗಳನ್ನು ಮೊದಲೇ ಮಾಡಿಟ್ಟು ಬೆರೆಸುವುದಿಲ್ಲ. ಒಂದು ಸರಪಳಿ ಅಚ್ಚಾಗಿರುತ್ತದೆ. ವಿರುದ್ಧ ಆವೇಶದ ಬಿಡಿ ಅಣುಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಬೆಳಕು ಅಥವಾ ಶಾಖದಿಂದ ಕ್ರಿಯೆ ಶುರುವಾದಾಗ ಅಚ್ಚಿನ ಮಗ್ಗುಲಲ್ಲೇ ಎರಡನೇ ಸರಪಳಿ ಬೆಳೆಯುತ್ತದೆ. ಅದು ಉದ್ದವಾದಂತೆ ಹಿಡಿತ ಬಿಗಿಯಾಗಿ, ಒಂದು ಹಂತದಲ್ಲಿ ಹನಿ ಮೂಡುತ್ತದೆ. ಬೆಳೆಯುವಾಗಲೇ ಹೈಡ್ರೋಜನ್ ಬಂಧಗಳನ್ನು, ನೀರಿಗೆ ಒಗ್ಗದ ಭಾಗಗಳನ್ನು ಅಥವಾ ಅಡ್ಡಕೊಂಡಿಗಳನ್ನು ಸೇರಿಸಿದರೆ ಉಪ್ಪು ಆವೇಶದ ಸೆಳೆತವನ್ನು ಕುಂದಿಸಿದರೂ ಉಳಿದ ಬಂಧಗಳು ಹನಿಯನ್ನು ಹಿಡಿದಿಡುತ್ತವೆ.

ಹಾಗಾದರೆ ಎಷ್ಟು ಗಟ್ಟಿಯಾದರೆ ಅಷ್ಟು ಒಳ್ಳೆಯದಾ? ನಾನು ಒಪ್ಪುವುದಿಲ್ಲ. ಎಲ್ಲೂ ಬಿಚ್ಚದ ಹನಿ ಔಷಧವನ್ನು ತನ್ನೊಳಗೇ ಇಟ್ಟುಕೊಂಡು ಕೂತರೆ ರೋಗಿಗೆ ಏನು ಸಿಕ್ಕಿತು? ಆದ್ದರಿಂದ ಎರಡನೇ ಪ್ರಶ್ನೆಯೂ ಬೇಕು: ಎಲ್ಲಿ ಉಳಿಯಬೇಕು, ಎಲ್ಲಿ ಬಿಚ್ಚಬೇಕು?

ಉಪ್ಪಿನ ಈ ಆಟವನ್ನು ನೀವೇ ನೋಡಬಹುದು. ಹೊಸ ಡೈಪರಿನೊಳಗೆ ಇರುವ ಪುಡಿಯೂ ಆವೇಶವುಳ್ಳ ಪಾಲಿಮರ್. ಅಲ್ಲಿ ಕೆಲಸ ಮಾಡುವುದು ಸೆಳೆತವಲ್ಲ, ಒಂದೇ ಬಗೆಯ ಆವೇಶಗಳ ವಿಕರ್ಷಣೆ. ಆದರೂ ಅದನ್ನು ಕೆಡಿಸುವುದು ಅದೇ ಉಪ್ಪು. ಪುಡಿ ಹಾರದ ಹಾಗೆ ಟೀಚರ ಎದುರಿನಲ್ಲೇ ಒಂದು ಚಮಚ ತೆಗೆದು ನೀರು ಹಾಕಿ, ಜೆಲ್ಲಿಯಾಗುತ್ತದೆ. ಮೇಲೆ ಉಪ್ಪು ಉದುರಿಸಿ, ನೀರು ಬಿಟ್ಟುಕೊಳ್ಳುತ್ತದೆ. ಆದರೆ ಕಾಳುಗಳು ಪೂರ್ತಿ ಕರಗುವುದಿಲ್ಲ, ಅವುಗಳಲ್ಲಿ ಅಡ್ಡಕೊಂಡಿಗಳಿವೆ.

ಬಟ್ಟಿ ಇಳಿಸಿದ ನೀರು, ಬಾವಿ ನೀರು, ಉಪ್ಪುನೀರು ಮೂರರಲ್ಲೂ ಮಾಡಿ ಅಳತೆ ಬರೆದಿಡಿ. ಮುಂದಿನ ಸಲ ಜಾಹೀರಾತಿನಲ್ಲಿ ‘ನ್ಯಾನೋ’ ಕಂಡಾಗ ಆ ಪುಟ ತೆಗೆದು ನೋಡಿ.