ಆರೈಕೆ ಮಾಡುವವರ ಆರೈಕೆ

ದೇಹ ಬೇರೆ, ಮನಸ್ಸು ಬೇರೆ ಎಂದು 17ನೆಯ ಶತಮಾನದಲ್ಲಿ ತತ್ವಜ್ಞಾನಿ ಡೆಕಾರ್ಟ್ ವಾದಿಸಿದನು. ಸಣ್ಣ ಗಾಯವೊಂದು ಈ ವಾದವನ್ನು ಪ್ರಶ್ನಿಸುತ್ತದೆ.

ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಮಂದಿ ಮಹಿಳೆಯರ ಕೈಯಲ್ಲಿ ಅಮೆರಿಕದ ಸಂಶೋಧಕರು 3.5 ಮಿಲಿಮೀಟರಿನ ಗಾಯ ಮಾಡಿ ಪರೀಕ್ಷಿಸಿದರು. ಅಂಥ ಹೊಣೆಯಿಲ್ಲದ 13 ಮಂದಿಗಿಂತ ಇವರ ಗಾಯ ಮಾಯಲು ಸರಾಸರಿ 9 ದಿನ ಹೆಚ್ಚು ಹಿಡಿಯಿತೆಂದು 1995ರಲ್ಲಿ ಪ್ರಕಟಿಸಿದರು.

ಮನದ ಭಾರ ದೇಹವನ್ನು ಮುಟ್ಟುವ ದಾರಿಗಳಲ್ಲಿ ಒಂದು ಹೀಗಿದೆ: ಚಿಂತೆಗೊಳಗಾದ ಮೆದುಳು ಪಿಟ್ಯುಟರಿ ಗ್ರಂಥಿಯ ಮೂಲಕ, ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳನ್ನು ಪ್ರಚೋದಿಸುತ್ತದೆ. ಅವು ಸ್ರವಿಸುವ ಕಾರ್ಟಿಸಾಲ್ ಹಾರ್ಮೋನು ಅತಿಯಾದಾಗ, ಗಾಯಕ್ಕೆ ಧಾವಿಸಬೇಕಾದ ರೋಗನಿರೋಧಕ ಜೀವಕಣಗಳ ಕೆಲಸ ಕುಂಠಿತವಾಗುತ್ತದೆ.

ನಮ್ಮ ಅನೇಕ ಮನೆಗಳಲ್ಲಿ ಹಾಸಿಗೆ ಹಿಡಿದ ಹಿರಿಯರ ಸೇವೆ ಒಬ್ಬಳೇ ಮಗಳ ಅಥವಾ ಸೊಸೆಯ ಪಾಲಿಗೆ ಬಿದ್ದಿದೆ. ದೂರದಲ್ಲಿರುವವರು ಹಣ ಕಳುಹಿಸುತ್ತಾರೆ. ಹತ್ತಿರದವರು ಹಣ್ಣು ತಂದು, ಆಕೆಯ ತ್ಯಾಗವನ್ನು ಹೊಗಳಿ ಹೋಗುತ್ತಾರೆ. ಹೊಗಳಿಕೆಯಿಂದ ನಿದ್ದೆ ಬಾರದು. ತ್ಯಾಗವೆಂಬುದು ತಾನಾಗಿ ಕೊಡುವಂಥದು. ಉಳಿದವರು ಕೈಬಿಟ್ಟದ್ದರಿಂದ ಒಬ್ಬಳು ಹೊರುವ ಭಾರಕ್ಕೆ ಅನ್ಯಾಯವೆಂದೇ ಹೆಸರು. ಆದುದರಿಂದ ಬಂಧುಗಳೇ, ರೋಗಿಯನ್ನು ನೋಡಲು ಹೋದಾಗ ಒಂದು ರಾತ್ರಿ ನೀವು ಎಚ್ಚರವಿರಿ, ಆಕೆ ಮಲಗಲಿ.